ಸರ್ವರ್ 63 ಎಂದಿತು: ಕಮಿಟ್ ಸಂದೇಶಕ್ಕೊಂದು ಉಣುಗೋಲು

ಕಳೆದ ಆಷಾಢದ ಮಾತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ನಮ್ಮ ಮನೆ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ನೆಟ್ ಮಾತ್ರ ಹೋದದ್ದು ಹೋದದ್ದೇ, ತಿರುಗಿ ಬರಲಿಲ್ಲ. ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿರಬೇಕು ಎಂದುಕೊಂಡು ಸುಮ್ನೆ ಕೂತು ಕೆಲಸ ಮಾಡಿದೆ. ಕೋಡ್‌ನ ಬದಲಾವಣೆಗಳನ್ನು ಒಂದೊಂದಾಗಿ ದಾಖಲಿಸಿಡುವ ಟೂಲ್ ಗಿಟ್. ನೆಟ್ ಇಲ್ಲದಿದ್ದರೂ ಅದು ನಡೆಯುತ್ತದೆ. ಮಲೆನಾಡಿನಲ್ಲಿ ಕೂತು ಕೋಡ್ ಬರೆಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ನಾವು ನಾಲ್ಕೇ ಜನ. ಆಫೀಸು ಶಿವಮೊಗ್ಗದಲ್ಲಿ. ಅಡಿಕೆ ತೋಟದವರಿಗೆ ಬೇಕಾದ ಸಣ್ಣ ಸಣ್ಣ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ದಿನದ ಮಳೆ ಎಷ್ಟು, ಕೊನೆ ಎಷ್ಟು ಇಳಿಯಿತು, ಅಡಿಕೆಯ ಬಗೆಗಳಾದ ರಾಶಿಗೆ ಬೆಟ್ಟೆಗೆ ಸರಕಿಗೆ ಕ್ವಿಂಟಾಲಿಗೆ ಯಾವ ದರ ಸಿಕ್ಕಿತು, ಇಂಥವು. ಬದಲಾವಣೆಗಳ ಪಟ್ಟಿಯನ್ನು ಕನ್ನಡದಲ್ಲೇ ಕೊಡಿ ಎಂದು ತೋಟದವರು ಕೇಳಿದ್ದರು. ಹಾಗಾಗಿ ಆ ನಾಲ್ಕು ದಿನ ನಾನು ಕಮಿಟ್ ಸಂದೇಶಗಳನ್ನೂ, ಅಂದರೆ ದಾಖಲಿಸಿದ ಪ್ರತಿ ಬದಲಾವಣೆಗೆ ಅಂಟಿಸುವ ಚೀಟಿಗಳನ್ನೂ, ಕನ್ನಡದಲ್ಲೇ ಬರೆದೆ. ಒಟ್ಟು 11 ಕಮಿಟ್.

ಐದನೇ ದಿನ ನೆಟ್ ಬಂತು. ಪುಶ್ ಮಾಡಿದೆ. ಅಂದರೆ ಅಷ್ಟನ್ನೂ ಆಫೀಸಿನ ಸರ್ವರ್‌ಗೆ ಕಳಿಸಿದೆ. ಸರ್ವರ್ ಹನ್ನೊಂದನ್ನೂ ವಾಪಸ್ ಎಸೆಯಿತು.

ಪರದೆ ಮೇಲೆ ‘ರಿಮೋಟ್’ ಎಂದು ಶುರುವಾಗುವ ಕೆಲವು ಸಾಲುಗಳು. ಅದರಲ್ಲಿ ಮೂರು ಕಮಿಟ್‌ಗಳಿಗೆ ‘ಎರಡನೇ ಸಾಲು ಖಾಲಿ ಇಲ್ಲ’ ಎಂಬ ದೂರು. ಅದು ನನ್ನದೇ ತಪ್ಪು, ಒಪ್ಪಿಕೊಂಡೆ. ನಾಲ್ಕನೆಯದು ಮಾತ್ರ ತಲೆ ಕೆಡಿಸಿತು. ‘ಮೊದಲ ಸಾಲು ಉದ್ದವಾಯಿತು: 63, ಮಿತಿ 50.’ ಅಲ್ಲಿ ನಾನು ಬರೆದಿದ್ದ ಸಾಲು ಇಷ್ಟೇ: ‘ಮಳೆ ಲೆಕ್ಕದ ತಪ್ಪು ತಿದ್ದು’. ನಾಲ್ಕು ಪದ. ಬೆರಳಲ್ಲಿ ಎಣಿಸಿದರೆ ಒಂಬತ್ತು ಅಕ್ಷರ. 63 ಎಲ್ಲಿಂದ ಬಂತು?

ಆ 63ರ ಬೆನ್ನು ಹತ್ತಿ ಹೋದಾಗ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಬುಡದಿಂದ ಶುರು ಮಾಡೋಣ.

ಚೀಟಿ ಯಾಕೆ ಬೇಕು

ಗಿಟ್‌ನಲ್ಲಿ ಕಮಿಟ್ ಎಂದರೆ ಕೋಡ್ ಆ ಹೊತ್ತಿಗೆ ಹೇಗಿತ್ತೋ ಹಾಗೇ ಎತ್ತಿಟ್ಟ ಒಂದು ಪ್ರತಿ. ಅದರ ಜೊತೆಗೆ ಒಂದು ಚೀಟಿ: ಏನು ಬದಲಾಯಿತು, ಯಾಕೆ ಬದಲಾಯಿತು. ಈ ಚೀಟಿಯೇ ಕಮಿಟ್ ಸಂದೇಶ. ಏನು ಬದಲಾಯಿತು ಎಂಬುದನ್ನು ಕೋಡ್ ನೋಡಿಯೂ ತಿಳಿಯಬಹುದು. ಯಾಕೆ ಎಂಬುದು ಬರೆದವನ ತಲೆಯಲ್ಲಿ ಮಾತ್ರ ಇರುತ್ತದೆ, ಅದೂ ಒಂದು ವಾರ.

ನಮ್ಮದೇ ಒಂದು ಉದಾಹರಣೆ. ದರದ ಲೆಕ್ಕದಲ್ಲಿ ಒಂದು ಕಡೆ ನೂರರಿಂದ ಭಾಗಿಸುವ ಸಾಲು ಇತ್ತು. ಕ್ವಿಂಟಾಲ್ ದರವನ್ನು ಕೆಜಿಗೆ ಇಳಿಸಲು ಹಾಕಿದ್ದೋ, ಪೈಸೆಯನ್ನು ರೂಪಾಯಿ ಮಾಡಲು ಹಾಕಿದ್ದೋ ಯಾರಿಗೂ ನೆನಪಿಲ್ಲ. ಎರಡಕ್ಕೂ ನೂರೇ ಅಲ್ವಾ. ಯಾರು ಯಾವಾಗ ಹಾಕಿದರು ಎಂದು ಗಿಟ್ ಬ್ಲೇಮ್ ಕೊಟ್ಟು ನೋಡಿದೆವು. ಸಂದೇಶ ಸಿಕ್ಕಿತು: ‘ಫಿಕ್ಸ್’. ಅದರ ಹಿಂದಿನದು ‘ಫಿಕ್ಸ್ 2’. ಅದರ ಹಿಂದಿನದು ‘ಈಗ ಸರಿ’. ಬರೆದವನು ನಾನೇ. ಅರ್ಧ ದಿನ ಹೋಯಿತು.

ಆಮೇಲೆ ನಾಲ್ವರೂ ಕೂತು ಚೀಟಿಗೊಂದು ಆಕಾರ ಇರಲಿ ಎಂದು ತೀರ್ಮಾನಿಸಿದೆವು. ಆ ಆಕಾರ ನಾವು ಕಂಡುಹಿಡಿದದ್ದೇನಲ್ಲ. ಮೊದಲ ಸಾಲಿನಲ್ಲಿ ಚಿಕ್ಕ ಶೀರ್ಷಿಕೆ. ಆಮೇಲೆ ಒಂದು ಖಾಲಿ ಸಾಲು. ಅದರ ಕೆಳಗೆ ಬೇಕಾದಷ್ಟು ವಿವರ. ಶೀರ್ಷಿಕೆ ಸುಮಾರು 50 ಅಕ್ಷರದೊಳಗೆ, ವಿವರದ ಸಾಲುಗಳು 72ರೊಳಗೆ. 2008ರಲ್ಲಿ ಟಿಮ್ ಪೋಪ್ ಎಂಬ ಪ್ರೋಗ್ರಾಮರ್ ಇದನ್ನು ಚಿಕ್ಕದಾಗಿ ಬರೆದಿಟ್ಟರು. ಅಲ್ಲಿಂದ 50/72 ಎಂದೇ ಹೆಸರಾಯಿತು.

ಈ ಸಂಖ್ಯೆಗಳನ್ನು ಕೇಳಿದವರಿಗೆ ಇದೆಂಥ ಮಡಿ ಅನ್ನಿಸುತ್ತದೆ. ಕಾರಣ ಇದೆ. ಹಳೆಯ ಟರ್ಮಿನಲ್‌ನ ಅಗಲ 80 ಅಕ್ಷರ. ಗಿಟ್ ಲಾಗ್ ಕೊಟ್ಟರೆ ಸಂದೇಶ ಎಡಕ್ಕೆ ನಾಲ್ಕು ಜಾಗ ಬಿಟ್ಟು ಕಾಣಿಸುತ್ತದೆ. ಬಲಕ್ಕೂ ನಾಲ್ಕು ಬಿಟ್ಟರೆ ಉಳಿಯುವುದು 72. ಇನ್ನು 50 ಎಂಬುದು ಕಟ್ಟುನಿಟ್ಟಲ್ಲ, ಒಂದೇ ನೋಟಕ್ಕೆ ಓದಿ ಮುಗಿಯುವ ಅಳತೆ, ಅಷ್ಟೇ. ಲಿನಕ್ಸ್ ಕರ್ನೆಲ್‌ನವರು ಶೀರ್ಷಿಕೆಗೆ 70ರಿಂದ 75ರವರೆಗೂ ಬಿಡುತ್ತಾರೆ.

ಖಾಲಿ ಸಾಲಿನ ವಿಷಯ ಮಾತ್ರ ಬೇರೆ. ಅದು ಅಂದಚೆಂದದ ಪ್ರಶ್ನೆ ಅಲ್ಲ. ಮೊದಲ ಖಾಲಿ ಸಾಲಿನವರೆಗೆ ಇರುವುದೆಲ್ಲ ಶೀರ್ಷಿಕೆ ಎಂದೇ ಗಿಟ್ ತಿಳಿಯುತ್ತದೆ. ಖಾಲಿ ಸಾಲು ಬಿಡದೆ ಐದು ಸಾಲು ಬರೆದರೆ ಐದೂ ಸೇರಿ ಒಂದೇ ಉದ್ದನೆಯ ಶೀರ್ಷಿಕೆ ಆಗುತ್ತದೆ. ಒಂದೊಂದು ಕಮಿಟ್‌ಗೆ ಒಂದೊಂದು ಸಾಲು ತೋರಿಸುವ ಪಟ್ಟಿಯಲ್ಲಿ ಅದು ರೈಲಿನ ಹಾಗೆ ಉದ್ದಕ್ಕೆ ಹೋಗುತ್ತದೆ. ಈ ಪದ್ಧತಿ ಬಂದದ್ದು ಇಮೇಲ್‌ನಿಂದ. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆದದ್ದು ಲಿನಕ್ಸ್ ಕರ್ನೆಲ್ ಕೆಲಸಕ್ಕೆ. ಅಲ್ಲಿ ಕೋಡ್ ಬದಲಾವಣೆಗಳು ಇಮೇಲ್‌ನಲ್ಲೇ ಓಡಾಡುತ್ತವೆ. ಕಮಿಟ್‌ನ ಶೀರ್ಷಿಕೆಯೇ ಇಮೇಲ್‌ನ ಸಬ್ಜೆಕ್ಟ್, ಉಳಿದದ್ದು ಇಮೇಲ್‌ನ ಒಡಲು.

ಮೊಹರು ಬಿದ್ದ ಮೇಲೆ ತಿದ್ದುವುದು ಕಷ್ಟ

ತಪ್ಪಿದ್ದರೆ ಆಮೇಲೆ ತಿದ್ದಿದರಾಯಿತು, ಮೊದಲೇ ಯಾಕೆ ತಡೆಯಬೇಕು? ನಾನೂ ಹಾಗೇ ಕೇಳಿದ್ದೆ.

ಪ್ರತಿ ಕಮಿಟ್‌ಗೂ 40 ಅಂಕೆ-ಅಕ್ಷರಗಳ ಒಂದು ಗುರುತು ಇರುತ್ತದೆ. ಅದನ್ನು ಯಾರೂ ಕೂತು ಕೊಡುವುದಿಲ್ಲ. ಕೋಡ್‌ನ ಸ್ಥಿತಿ, ಹಿಂದಿನ ಕಮಿಟ್‌ನ ಗುರುತು, ಬರೆದವರ ಹೆಸರು, ಸಮಯ, ಸಂದೇಶ, ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅದು ಹುಟ್ಟುತ್ತದೆ. ಸಂದೇಶದಲ್ಲಿ ಒಂದು ಕೊಂಬು ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಮುಂದಿನ ಕಮಿಟ್ ತನ್ನೊಳಗೆ ಇದರ ಗುರುತನ್ನು ಇಟ್ಟುಕೊಂಡಿರುತ್ತದಲ್ಲ, ಅದರದ್ದೂ ಬದಲಾಗುತ್ತದೆ. ಹಾಗೇ ಮುಂದಿನದು, ಅದರ ಮುಂದಿನದು. ಕೋಡ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇದ್ದರೆ ತೊಂದರೆ ಇಲ್ಲ, ಹಳೆಯ ಕಮಿಟ್‌ಗಳನ್ನು ಮತ್ತೆ ಬರೆಯುವ ಇಂಟರಾಕ್ಟಿವ್ ರಿಬೇಸ್‌ನಲ್ಲಿ ‘ರಿವರ್ಡ್’ ಎಂದು ಕೊಟ್ಟು ಬದಲಿಸಬಹುದು. ಪುಶ್ ಆಗಿ ಬೇರೆಯವರು ಅದರ ಮೇಲೆ ಕೆಲಸ ಶುರು ಮಾಡಿದ್ದರೆ ಎಲ್ಲರ ಇತಿಹಾಸವೂ ಎರಡಾಗುತ್ತದೆ. ಒಂದು ಖಾಲಿ ಸಾಲಿಗಾಗಿ ಇಷ್ಟೆಲ್ಲ ರಾಮಾಯಣ ಯಾರಿಗೆ ಬೇಕು?

ಹಾಗಾಗಿ ತಪಾಸಣೆ ನಡೆಯಬೇಕಾದ ಜಾಗ ಒಂದೇ. ಸಂದೇಶ ಬರೆದು ಮುಗಿಸಿ, ಕಮಿಟ್ ಇನ್ನೂ ಹುಟ್ಟದೆ ಇರುವ ಆ ಒಂದು ಕ್ಷಣ. ಗಿಟ್ ಅಲ್ಲೊಂದು ಜಾಗ ಬಿಟ್ಟಿದೆ. ಅದರ ಹೆಸರು ಹುಕ್.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ತೋಟಕ್ಕೋ ಮನೆಯ ಅಂಗಳಕ್ಕೋ ಹೋಗುವ ದಾರಿಯಲ್ಲಿ ಉಣುಗೋಲು ಇರುತ್ತದೆ. ಎರಡು ಕಂಬ, ಅಡ್ಡ ಸರಿಸುವ ನಾಲ್ಕು ಬಿದಿರ ಗಳ. ದನ ಬಂದರೆ ನಿಲ್ಲುತ್ತದೆ. ಮನುಷ್ಯ ಬಂದರೆ ಗಳ ಸರಿಸಿ ಒಳಗೆ ಬರುತ್ತಾನೆ. ಕಳ್ಳನನ್ನು ತಡೆಯಲು ಅದನ್ನು ಕಟ್ಟಿದ್ದಲ್ಲ, ಮರೆವಿಗೆ ಕಟ್ಟಿದ್ದು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಕೂರುವ ಹುಕ್ ಕೂಡ ಅಂಥದ್ದೇ. ಈ ಹೋಲಿಕೆ ಮುಂದೆ ಇನ್ನೊಮ್ಮೆ ಬೇಕಾಗುತ್ತದೆ.

ಹುಕ್ ಒಳಗೆ ಏನು ನಡೆಯುತ್ತದೆ

ಯಾವುದೇ ಗಿಟ್ ಪ್ರಾಜೆಕ್ಟ್‌ನ ಒಳಗೆ ‘ಡಾಟ್ ಗಿಟ್’ ಎಂಬ ಅಡಗಿದ ಫೋಲ್ಡರ್ ಇರುತ್ತದೆ. ಅದರೊಳಗೆ ‘ಹುಕ್ಸ್’ ಎಂಬ ಇನ್ನೊಂದು. ಅಲ್ಲಿ ನಿರ್ದಿಷ್ಟ ಹೆಸರಿನ ಸ್ಕ್ರಿಪ್ಟ್ ಇಟ್ಟರೆ, ನಿರ್ದಿಷ್ಟ ಹೊತ್ತಿಗೆ ಗಿಟ್ ಅದನ್ನು ತಾನೇ ಓಡಿಸುತ್ತದೆ. ‘ಪ್ರೀ-ಕಮಿಟ್’ ಓಡುವುದು ಸಂದೇಶ ಬರೆಯುವುದಕ್ಕೂ ಮೊದಲು. ಅದು ಕೋಡ್ ನೋಡಲು. ‘ಪ್ರಿಪೇರ್-ಕಮಿಟ್-ಎಂಎಸ್‌ಜಿ’ ಎಡಿಟರ್ ತೆರೆಯುವ ಮುಂಚೆ ಸಂದೇಶಕ್ಕೆ ಏನಾದರೂ ತುಂಬಿಡಲು. ನಮಗೆ ಬೇಕಾದದ್ದು ‘ಕಮಿಟ್-ಎಂಎಸ್‌ಜಿ’. ಸಂದೇಶ ಬರೆದು ಎಡಿಟರ್ ಮುಚ್ಚಿದ ತಕ್ಷಣ ಓಡುವುದು ಇದೇ.

ಮಾಡುವ ರೀತಿ ತೀರಾ ಸರಳ. ನೀವು ಬರೆದ ಸಂದೇಶವನ್ನು ಗಿಟ್ ಒಂದು ತಾತ್ಕಾಲಿಕ ಫೈಲ್‌ನಲ್ಲಿ ಇಡುತ್ತದೆ. ಆ ಫೈಲ್‌ನ ದಾರಿಯನ್ನು ಸ್ಕ್ರಿಪ್ಟ್‌ಗೆ ಕೊಡುತ್ತದೆ. ಸ್ಕ್ರಿಪ್ಟ್ ಅದನ್ನು ಓದುತ್ತದೆ. ಕೊನೆಗೆ ಸೊನ್ನೆ ಹೇಳಿ ಹೊರಬಂದರೆ ಕಮಿಟ್ ಆಯಿತು. ಬೇರೆ ಯಾವ ಸಂಖ್ಯೆ ಹೇಳಿದರೂ ಕಮಿಟ್ ಇಲ್ಲ. ಸ್ಕ್ರಿಪ್ಟ್ ಬ್ಯಾಶ್‌ನಲ್ಲಿ ಇರಲಿ, ಪೈಥಾನ್‌ನಲ್ಲಿ ಇರಲಿ, ಗಿಟ್‌ಗೆ ಬೇಕಾದದ್ದು ಆ ಒಂದು ಸಂಖ್ಯೆ. ಹೊಸ ಪ್ರಾಜೆಕ್ಟ್‌ನಲ್ಲಿ ಮಾದರಿ ಸ್ಕ್ರಿಪ್ಟ್‌ಗಳು ಮೊದಲೇ ಇರುತ್ತವೆ. ಹೆಸರಿನ ಕೊನೆಗೆ ‘ಸ್ಯಾಂಪಲ್’ ಎಂದಿರುವುದರಿಂದ ಅವು ಓಡುವುದಿಲ್ಲ. ಆ ಬಾಲ ತೆಗೆಯಬೇಕು. ನಿಮ್ಮದೇ ಸ್ಕ್ರಿಪ್ಟ್ ಬರೆದು ಇಟ್ಟರೆ ಫೈಲ್‌ಗೆ ಓಡುವ ಅನುಮತಿಯನ್ನೂ ಕೊಡಬೇಕು. ಈ ಎರಡನೆಯದನ್ನು ಮರೆತು ‘ನನ್ನ ಹುಕ್ ಕೆಲಸ ಮಾಡ್ತಿಲ್ಲ’ ಎಂದು ತಲೆ ಚಚ್ಚಿಕೊಳ್ಳುವವರೇ ಜಾಸ್ತಿ.

ನಮ್ಮ ಸ್ಕ್ರಿಪ್ಟ್ ಮೂವತ್ತು ಸಾಲಿನ ಬ್ಯಾಶ್. ಮೊದಲ ಸಾಲು ತೆಗೆದುಕೊಂಡು ಉದ್ದ ಎಣಿಸುತ್ತದೆ. ಎರಡನೇ ಸಾಲು ಖಾಲಿ ಇದೆಯೇ ಎಂದು ನೋಡುತ್ತದೆ. ಶೀರ್ಷಿಕೆಯ ಕೊನೆಗೆ ಪೂರ್ಣವಿರಾಮ ಇದ್ದರೆ ಬೇಡ ಎನ್ನುತ್ತದೆ. ಉಳಿದ ಸಾಲುಗಳು 72 ದಾಟಿದರೆ ಎಚ್ಚರಿಸುತ್ತದೆ. ಆದರೆ ಸಾಲಿನಲ್ಲಿ ವೆಬ್ ಲಿಂಕ್ ಇದ್ದರೆ ಬಿಟ್ಟುಬಿಡುತ್ತದೆ, ಯಾಕೆಂದರೆ ಲಿಂಕ್ ಮುರಿಯಲು ಬರುವುದಿಲ್ಲ.

ಓದಿದರೆ ಅರ್ಧ ಗಂಟೆಯ ಕೆಲಸ ಅನ್ನಿಸುತ್ತದೆ. ಅರ್ಧ ಗಂಟೆಯದೇ. ಎಡವಿದ್ದು ಬೇರೆ ಕಡೆ. ಎಡಿಟರ್ ತೆರೆದಾಗ ಕೆಳಗೆ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಕೆಲವು ಸಾಲುಗಳನ್ನು ಗಿಟ್ ತಾನೇ ಬರೆದಿರುತ್ತದೆ ಅಲ್ವಾ, ‘ಯಾವ ಫೈಲ್ ಬದಲಾಗಿದೆ’ ಇತ್ಯಾದಿ. ಅವು ಸಂದೇಶದಲ್ಲಿ ಉಳಿಯುವುದಿಲ್ಲ. ಆದರೆ ಗಿಟ್ ಅವನ್ನು ಕಿತ್ತೆಸೆಯುವುದು ಹುಕ್ ಓಡಿದ ಮೇಲೆ. ಹುಕ್ ಕೈಗೆ ಸಿಗುವುದು ಕಸ ಸಮೇತ ಇರುವ ಫೈಲ್. ನಮ್ಮ ಮೊದಲ ಸ್ಕ್ರಿಪ್ಟ್, ಗಿಟ್ ತಾನೇ ಬರೆದ ಸಾಲುಗಳು ಉದ್ದವಾದವು ಎಂದು ನಮ್ಮನ್ನು ಬೈಯುತ್ತಿತ್ತು. ಈಗ ಮೊದಲು ಗಿಟ್ ಸ್ಟ್ರಿಪ್‌ಸ್ಪೇಸ್ ಎಂಬ ಆಜ್ಞೆಯಿಂದ ಆ ಸಾಲುಗಳನ್ನು ಸೋಸಿ, ಆಮೇಲೆ ಎಣಿಸುತ್ತೇವೆ. ಇದಕ್ಕೆ ಅಂಟಿಕೊಂಡೇ ಇನ್ನೊಂದು ಮಜಾ ಇದೆ. ದೂರಿನ ಸಂಖ್ಯೆಯನ್ನು ಶೀರ್ಷಿಕೆಯ ಮೊದಲೇ ‘#42’ ಎಂದು ಎಡಿಟರ್‌ನಲ್ಲಿ ಬರೆದರೆ ಆ ಸಾಲೇ ಮಾಯ. ಹ್ಯಾಶ್‌ನಿಂದ ಶುರುವಾಯಿತಲ್ಲ!

ಇನ್ನು ಗಿಟ್ ತಾನೇ ಬರೆಯುವ ಶೀರ್ಷಿಕೆಗಳು. ಎರಡು ಬ್ರಾಂಚ್, ಅಂದರೆ ಕೆಲಸದ ಎರಡು ಕವಲು, ಸೇರಿಸಿದಾಗ ‘ಮರ್ಜ್ ಬ್ರಾಂಚ್’ ಎಂದು ಬರುತ್ತದೆ. ಹಿಂದಿನ ಕಮಿಟ್ ರದ್ದು ಮಾಡಿದರೆ ‘ರಿವರ್ಟ್’ ಎಂದು, ಅದರ ಪಕ್ಕದಲ್ಲಿ ಹಳೆಯ ಶೀರ್ಷಿಕೆ ಇಡಿಯಾಗಿ. ಹಳೆಯ ಶೀರ್ಷಿಕೆಯೇ 48 ಇದ್ದರೆ ಇದು 50 ದಾಟದೆ ಇರುತ್ತದೆಯೇ? ಆಮೇಲೆ ಬೇರೆ ಕಮಿಟ್‌ಗೆ ಸೇರಿಸಲೆಂದೇ ಮಾಡುವ ‘ಫಿಕ್ಸಪ್!’ ಮತ್ತು ‘ಸ್ಕ್ವಾಶ್!’ ಕಮಿಟ್‌ಗಳು. ಇವನ್ನೆಲ್ಲ ಮೊದಲೇ ಗುರುತಿಸಿ ದಾರಿ ಬಿಡಬೇಕು. ಇಲ್ಲದಿದ್ದರೆ ಜನ ಮೊದಲ ವಾರದಲ್ಲೇ ಹುಕ್ ಕಿತ್ತು ಬಿಸಾಕುತ್ತಾರೆ.

ಕಿತ್ತು ಬಿಸಾಕುವುದಕ್ಕೆ ಇನ್ನೊಂದು ಕಾರಣ ದೂರಿನ ಮಾತು. ‘ಅಮಾನ್ಯ ಸ್ವರೂಪ’ ಎಂದಷ್ಟೇ ಹೇಳಿದರೆ ಯಾರಿಗೆ ಏನು ತಿಳಿಯಬೇಕು? ‘ಎರಡನೇ ಸಾಲು ಖಾಲಿ ಬಿಡಿ, ವಿವರ ಮೂರನೇ ಸಾಲಿನಿಂದ ಬರೆಯಿರಿ’ ಎಂದರೆ ಆಯಿತು. ಜೊತೆಗೆ ಬರೆದದ್ದು ಎಲ್ಲಿದೆ ಎಂದೂ ಹೇಳಬೇಕು. ಹತ್ತು ಸಾಲು ವಿವರ ಬರೆದು, ಹುಕ್ ತಡೆದಾಗ ಅದೆಲ್ಲ ಹೋಯಿತು ಎಂದು ಗಾಬರಿ ಬೀಳುತ್ತಾರೆ. ಹೋಗಿರುವುದಿಲ್ಲ. ಡಾಟ್ ಗಿಟ್ ಫೋಲ್ಡರ್‌ನಲ್ಲಿ ‘ಕಮಿಟ್ ಎಡಿಟ್ ಎಂಎಸ್‌ಜಿ’ ಎಂಬ ಫೈಲ್‌ನಲ್ಲಿ ಹಾಗೇ ಇರುತ್ತದೆ. ಮುಂದಿನ ಕಮಿಟ್ ಅದರ ಮೇಲೆ ಬರೆಯುವವರೆಗೆ ತೆಗೆದುಕೊಳ್ಳಬಹುದು.

ಒಂಬತ್ತು ಅಕ್ಷರ 63 ಆದ ಕಥೆ

ಈಗ ನನ್ನ ನಾಲ್ಕು ಪದಗಳಿಗೆ ಬರೋಣ. ‘ಮಳೆ ಲೆಕ್ಕದ ತಪ್ಪು ತಿದ್ದು’.

ನಮ್ಮ ಕಣ್ಣಿಗೆ ‘ಕ್ಕ’ ಒಂದು ಅಕ್ಷರ. ಕೆಳಗೊಂದು ಒತ್ತು, ಅಷ್ಟೇ. ಕಂಪ್ಯೂಟರ್‌ಗೆ ಅದು ಮೂರು: ಕ, ಹಲಂತದ ಚಿಹ್ನೆ, ಮತ್ತೆ ಕ. ‘ಳೆ’ ಎಂಬುದು ಎರಡು: ಳ ಮತ್ತು ಎತ್ವ. ಯೂನಿಕೋಡ್‌ನಲ್ಲಿ ಇಂಥ ಒಂದೊಂದು ತುಂಡಿಗೂ ಬೇರೆ ಬೇರೆ ಸಂಖ್ಯೆ ಇದೆ. ಅದಕ್ಕೆ ಕೋಡ್ ಪಾಯಿಂಟ್ ಎನ್ನುತ್ತಾರೆ. ಬಿಡಿಸಿ ಎಣಿಸಿದರೆ ಮಳೆಗೆ 3, ಲೆಕ್ಕದಕ್ಕೆ 6, ತಪ್ಪುವಿಗೆ 5, ತಿದ್ದುವಿಗೆ 6. ಒಟ್ಟು 20. ನಡುವೆ ಮೂರು ಖಾಲಿ ಜಾಗ. 23 ಆಯಿತು. ಇನ್ನೂ 63 ದೂರ ಇದೆ.

ಮುಂದಿನ ಹೆಜ್ಜೆ ಬೈಟ್. ಫೈಲ್‌ನಲ್ಲಿ ಬರೆದಿಡುವಾಗ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ ಮೂರು ಬೈಟ್ ಬೇಕು. 20ನ್ನು ಮೂರರಿಂದ ಗುಣಿಸಿ, ಒಂದೊಂದೇ ಬೈಟ್‌ನ ಮೂರು ಖಾಲಿ ಜಾಗ ಸೇರಿಸಿ. 63.

ಅಂದರೆ ಸರ್ವರ್ ಅಕ್ಷರ ಎಣಿಸುತ್ತಿರಲಿಲ್ಲ, ಬೈಟ್ ಎಣಿಸುತ್ತಿತ್ತು. ಇಂಗ್ಲಿಷ್‌ನಲ್ಲಿ ಎರಡೂ ಒಂದೇ ಆದ್ದರಿಂದ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. 50 ಬೈಟ್ ಎಂದರೆ ಕನ್ನಡಕ್ಕೆ ಸಿಗುವುದು 16 ಕೋಡ್ ಪಾಯಿಂಟ್. ‘ಶಿವಮೊಗ್ಗ’ ಎಂದು ಎರಡು ಸಲ ಬರೆದು ನಡುವೆ ಜಾಗ ಬಿಟ್ಟರೆ ಅಲ್ಲಿಗೆ 49, ಕೋಟಾ ಮುಗಿಯಿತು.

ಇಲ್ಲೊಂದು ವಿಚಿತ್ರ. ಅದೇ ಸ್ಕ್ರಿಪ್ಟನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ 23 ಎಂದಿತು. ಸರ್ವರ್‌ನಲ್ಲಿ 63. ಒಂದೇ ಸ್ಕ್ರಿಪ್ಟ್, ಒಂದೇ ಸಾಲು, ಎರಡು ಲೆಕ್ಕ. ಕಾರಣ ಲೊಕೇಲ್. ಸಾಲಿನ ಉದ್ದ ಎಷ್ಟು ಎಂದು ಕೇಳಿದಾಗ ಬ್ಯಾಶ್ ಮೊದಲು ಈ ಗಣಕದ ಭಾಷಾ ವ್ಯವಸ್ಥೆ ಏನು ಎಂದು ನೋಡುತ್ತದೆ. ಯುಟಿಎಫ್-8 ಎಂದಿದ್ದರೆ ಕೋಡ್ ಪಾಯಿಂಟ್ ಎಣಿಸುತ್ತದೆ. ‘ಸಿ’ ಎಂಬ ಹಳೆಯ ಲೊಕೇಲ್ ಇದ್ದರೆ ಬೈಟ್ ಎಣಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಮೊದಲನೆಯದು ಇತ್ತು. ಆಫೀಸಿನ ಮೂಲೆಯಲ್ಲಿ ಗುಯ್ ಎನ್ನುತ್ತಾ ಕೂತಿರುವ ಸರ್ವರ್‌ನಲ್ಲಿ ಎರಡನೆಯದು. ಸ್ಕ್ರಿಪ್ಟ್‌ನ ತಲೆಯಲ್ಲೇ ಲೊಕೇಲ್ ಯುಟಿಎಫ್-8 ಇರಲಿ ಎಂದು ಒಂದು ಸಾಲು ಸೇರಿಸಿದೆವು. ಎರಡೂ ಕಡೆ 23 ಬಂತು.

ಪೈಥಾನ್ 3ರಲ್ಲಿ ಬರೆದಿದ್ದರೆ ಈ ಪಾಡು ಇರುತ್ತಿರಲಿಲ್ಲ. ಒಮ್ಮೆ ಸರಿಯಾಗಿ ಅಕ್ಷರಮಾಲೆಯಾಗಿ ಓದಿಕೊಂಡರೆ ಅದು ಎಣಿಸುವುದೇ ಕೋಡ್ ಪಾಯಿಂಟ್. ಕನ್ನಡದ ಮಟ್ಟಿಗೆ ಜಾವಾಸ್ಕ್ರಿಪ್ಟ್‌ನ ಲೆಕ್ಕವೂ ಅದೇ ಬರುತ್ತದೆ.

ಹಾಗಂತ 23 ಎಂಬುದೂ ಸತ್ಯವಾದ ಉದ್ದ ಅಲ್ಲ. ಪರದೆ ಮೇಲೆ ಅದು ತೆಗೆದುಕೊಳ್ಳುವ ಜಾಗ ಬೇರೆ. ಒತ್ತಕ್ಷರ ಕೆಳಗೆ ಕೂರುತ್ತದೆ, ಅಗಲಕ್ಕೆ ಅಷ್ಟೇನೂ ಸೇರಿಸುವುದಿಲ್ಲ. ಕೆಲವು ಟರ್ಮಿನಲ್‌ಗಳು ಕನ್ನಡವನ್ನು ತಮಗೆ ತೋಚಿದಂತೆ ಎಳೆದು ಕೂರಿಸುತ್ತವೆ. ಕಣ್ಣಿಗೆ ಕಾಣದ ಪಾಯಿಂಟ್‌ಗಳೂ ಇವೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವ ಹೋಗಿ ಟ್ ಕೆಳಗೆ ಒತ್ತಾಗಿ ಕೂರಬಾರದು ಎಂದು ನಡುವೆ ಒಂದು ಅದೃಶ್ಯ ಚಿಹ್ನೆ ಹಾಕುತ್ತೇವೆ. ಅದನ್ನೂ ಸೇರಿಸಿದರೆ ಆ ಒಂದು ಪದವೇ 11. ಹೀಗಿರುವಾಗ 50 ಎಂಬ ಸಂಖ್ಯೆಯನ್ನು ಕನ್ನಡಕ್ಕೆ ಹಾಗೇ ತಂದು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಇಂಗ್ಲಿಷ್‌ನ ಸೇರಿನಲ್ಲಿ ನಮ್ಮ ಅಕ್ಕಿ ಅಳೆದ ಹಾಗೆ ಆಗುತ್ತದೆ. ಸಂದೇಶದಲ್ಲಿ ಕನ್ನಡ ಇದ್ದರೆ ಮಿತಿ 72 ಇರಲಿ ಎಂದು ನಾನು, ಎಲ್ಲರಿಗೂ ಒಂದೇ ಇರಲಿ ಎಂದು ಉಳಿದವರು. ಮತ ಹಾಕಿದೆವು, ನಾನು ಸೋತೆ. 50ಕ್ಕೇ ಇಟ್ಟುಕೊಂಡಿದ್ದೇವೆ.

ಉಣುಗೋಲು ಜೊತೆಗೆ ಬರುವುದಿಲ್ಲ

ಇಲ್ಲಿ ಚುರುಕಾದ ಓದುಗರು ಕೇಳಬೇಕು: ನಿನ್ನ ಲ್ಯಾಪ್‌ಟಾಪ್‌ನಲ್ಲೇ ಹುಕ್ ಇದ್ದಿದ್ದರೆ ಆ ಖಾಲಿ ಸಾಲಿನ ಮೂರು ತಪ್ಪು ಮೊದಲ ದಿನವೇ ಸಿಕ್ಕಿಬೀಳಬೇಕಿತ್ತಲ್ಲ? ಸಿಕ್ಕಿಬೀಳಲಿಲ್ಲ. ಹುಕ್ ಇರಲೇ ಇಲ್ಲ. ಹೊಸ ಲ್ಯಾಪ್‌ಟಾಪ್ ತಗೊಂಡು ಪ್ರಾಜೆಕ್ಟನ್ನು ಹೊಸದಾಗಿ ಕ್ಲೋನ್ ಮಾಡಿದ್ದೆ, ಅಂದರೆ ಸರ್ವರ್‌ನಿಂದ ನಕಲು ಇಳಿಸಿಕೊಂಡಿದ್ದೆ. ಕ್ಲೋನ್ ಮಾಡಿದಾಗ ಕೋಡ್ ಬರುತ್ತದೆ, ಇತಿಹಾಸ ಬರುತ್ತದೆ, ಹುಕ್ ಬರುವುದಿಲ್ಲ.

ಇದು ಗಿಟ್‌ನ ಮರೆವಲ್ಲ, ಬೇಕೆಂದೇ ಹಾಗೆ ಇಟ್ಟದ್ದು. ಹುಕ್ ಎಂದರೆ ನಿಮ್ಮ ಗಣಕದಲ್ಲಿ ತಾನಾಗಿ ಓಡುವ ಪ್ರೋಗ್ರಾಂ. ಅಪರಿಚಿತರ ಪ್ರಾಜೆಕ್ಟ್ ಕ್ಲೋನ್ ಮಾಡಿದ ತಕ್ಷಣ ಅವರ ಪ್ರೋಗ್ರಾಂ ನಿಮ್ಮ ಮನೆಯಲ್ಲಿ ಓಡಲು ಶುರುವಾದರೆ ಏನು ಗತಿ?

ಅದಕ್ಕೊಂದು ಒಳದಾರಿ ಇದೆ. ಸ್ಕ್ರಿಪ್ಟನ್ನು ಕೋಡ್ ಜೊತೆಗೇ ಒಂದು ಸಾಮಾನ್ಯ ಫೋಲ್ಡರ್‌ನಲ್ಲಿ ಇಟ್ಟು, ‘ಹುಕ್‌ಗಳನ್ನು ಇಲ್ಲಿಂದ ತಗೋ’ ಎಂದು ಗಿಟ್‌ಗೆ ಹೇಳುವುದು. ಈ ಸೆಟ್ಟಿಂಗ್‌ನ ಹೆಸರು ‘ಕೋರ್ ಹುಕ್ಸ್‌ಪಾತ್’. 2016ರಲ್ಲಿ ಬಂದ ಗಿಟ್ 2.9ರಿಂದ ಇದೆ. ಆಗ ಸ್ಕ್ರಿಪ್ಟ್ ಬದಲಾದರೆ ಎಲ್ಲರಿಗೂ ಪುಲ್ ಮಾಡಿದಾಗ, ಅಂದರೆ ಸರ್ವರ್‌ನಿಂದ ಹೊಸದನ್ನು ಇಳಿಸಿಕೊಂಡಾಗ, ಸಿಗುತ್ತದೆ. ಆದರೆ ಸೆಟ್ಟಿಂಗ್ ಕೊಡುವುದನ್ನು ಮಾತ್ರ ಪ್ರತಿಯೊಬ್ಬರೂ ಒಂದು ಸಲ ಕೈಯಾರೆ ಮಾಡಲೇಬೇಕು. ನಾನು ಮರೆತದ್ದು ಇದನ್ನೇ. ಜಾವಾಸ್ಕ್ರಿಪ್ಟ್‌ನವರು ಹಸ್ಕಿ ಎಂಬ ಟೂಲ್ ಬಳಸುತ್ತಾರೆ. ಪ್ರಾಜೆಕ್ಟ್‌ನ ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವಾಗಲೇ ಅದು ಹುಕ್ ಕೂರಿಸುತ್ತದೆ. ತಪಾಸಣೆಗೆ ಕಮಿಟ್‌ಲಿಂಟ್ ಇದೆ. ಪೈಥಾನ್ ಕಡೆಯವರಿಗೆ ಗಿಟ್‌ಲಿಂಟ್ ಇದೆ. ‘ಪ್ರೀ-ಕಮಿಟ್’ ಎಂಬ ಹೆಸರಿನದೇ ಒಂದು ಟೂಲ್ ಇದೆ. ಅದು ತಾನಾಗಿ ಕೂರಿಸುವುದು ಕೋಡ್ ನೋಡುವ ಹುಕ್ ಮಾತ್ರ. ಸಂದೇಶದ ಹುಕ್ ಬೇಕಾದರೆ ಬಾಯಿಬಿಟ್ಟು ಕೇಳಬೇಕು.

ಇಷ್ಟೆಲ್ಲ ಮಾಡಿದರೂ ಗಳ ಸರಿಸುವವರು ಸರಿಸುತ್ತಾರೆ. ಕಮಿಟ್ ಮಾಡುವಾಗ ‘ನೋ-ವೆರಿಫೈ’ ಎಂದು ಸೇರಿಸಿದರೆ ಪ್ರೀ-ಕಮಿಟ್ ಹುಕ್ಕೂ ಓಡುವುದಿಲ್ಲ, ಕಮಿಟ್-ಎಂಎಸ್‌ಜಿ ಹುಕ್ಕೂ ಓಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಅರ್ಧ ಮುಗಿದ ಕೆಲಸವನ್ನು ಎತ್ತಿಡುವಾಗ ನಾನೂ ಇದನ್ನೇ ಮಾಡುತ್ತೇನೆ. ತಪ್ಪೇನಿಲ್ಲ. ಆಮೇಲೆ ಸರಿ ಮಾಡುತ್ತೇನಲ್ಲ.

ಅದಕ್ಕೇ ಎರಡನೇ ಕಾವಲು ಸರ್ವರ್‌ನಲ್ಲಿ. ಘಾಟಿಯ ಚೆಕ್‌ಪೋಸ್ಟ್ ಇದ್ದ ಹಾಗೆ. ಮನೆಯ ಉಣುಗೋಲು ದಾಟಿದರೂ ಇಲ್ಲಿ ಗಾಡಿ ನಿಲ್ಲಿಸಲೇಬೇಕು. ಅಲ್ಲಿನ ಹುಕ್‌ನ ಹೆಸರು ‘ಪ್ರೀ-ರಿಸೀವ್’. ಪುಶ್ ಬಂದಾಗ ಗಿಟ್ ಅದಕ್ಕೆ ಹಳೆಯ ಗುರುತು, ಹೊಸ ಗುರುತು, ಬ್ರಾಂಚ್‌ನ ಹೆಸರು, ಈ ಮೂರನ್ನು ಕೊಡುತ್ತದೆ. ಸ್ಕ್ರಿಪ್ಟ್ ಹಳೆಯದರಿಂದ ಹೊಸದರವರೆಗಿನ ಕಮಿಟ್‌ಗಳ ಪಟ್ಟಿ ತೆಗೆದು ಒಂದೊಂದನ್ನೇ ನೋಡುತ್ತದೆ. ಬ್ರಾಂಚ್ ಹೊಸದಾಗಿದ್ದರೆ ಹಳೆಯ ಗುರುತಿನ ಜಾಗದಲ್ಲಿ 40 ಸೊನ್ನೆ ಬರುತ್ತದೆ. ಅದನ್ನು ಬೇರೆಯಾಗಿ ನೋಡಿಕೊಳ್ಳದಿದ್ದರೆ ಸ್ಕ್ರಿಪ್ಟ್ ಅಲ್ಲೇ ಮುಗ್ಗರಿಸುತ್ತದೆ. ಪ್ರೀ-ರಿಸೀವ್ ಬೇಡ ಎಂದರೆ ಆ ಪುಶ್‌ನಲ್ಲಿ ಬಂದದ್ದು ಯಾವುದೂ ಒಳಗೆ ಹೋಗುವುದಿಲ್ಲ. ನನ್ನ ನಾಲ್ಕರ ದೆಸೆಯಿಂದ ಹನ್ನೊಂದೂ ವಾಪಸ್ ಬಂದದ್ದು ಹೀಗೆ.

ಸರ್ವರ್ ನಮ್ಮದಾದ್ದರಿಂದ ಇದು ನಡೆಯಿತು. ಬೇರೆಯವರು ನಡೆಸುವ ಸೇವೆಗಳಲ್ಲಿ ನಮ್ಮ ಸ್ಕ್ರಿಪ್ಟನ್ನು ಹಾಗೆ ಓಡಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಲ್ಲಿ ಪುಶ್ ಆದ ಮೇಲೆ ತಾನಾಗಿ ಓಡುವ, ಸಿಐ ಎಂದು ಕರೆಯುವ ತಪಾಸಣೆ ಇಟ್ಟು, ಅದು ಹಸಿರಾಗದೆ ಮುಖ್ಯ ಬ್ರಾಂಚ್‌ಗೆ ಸೇರಿಸಬಾರದು ಎಂದು ನಿಯಮ ಮಾಡಿಕೊಳ್ಳುತ್ತಾರೆ. ಎಲ್ಲ ಕಮಿಟ್‌ಗಳನ್ನೂ ಒಂದಾಗಿ ಹಿಂಡಿ ಸೇರಿಸುವ ತಂಡವಾದರೆ ನೋಡಬೇಕಾದದ್ದು ಪುಲ್ ರಿಕ್ವೆಸ್ಟ್‌ನ, ಅಂದರೆ ‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಕೋರಿಕೆಯ, ಶೀರ್ಷಿಕೆ. ಸಾಮಾನ್ಯವಾಗಿ ಕೊನೆಗೆ ಉಳಿಯುವುದು ಅದೇ.

ಸರ್ವರ್ ಕಾವಲೊಂದೇ ಸಾಕು ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಸರ್ವರ್ ಉತ್ತರ ಸಿಗುವುದು ಪುಶ್ ಮಾಡಿದಾಗ. ನಮ್ಮಲ್ಲಿ ಪುಶ್ ಆಗುವುದು ಮಳೆ ಬಿಟ್ಟಾಗ. ಗಿಟ್‌ಗೂ ಮುಂಚಿನ ಟೂಲ್ ಆದ ಸಬ್‌ವರ್ಷನ್ ಕಾಲದಲ್ಲಿ ಕಮಿಟ್ ಎಂದರೇ ಸರ್ವರ್‌ಗೆ ಹೋಗುವುದಾಗಿತ್ತು. ತಪಾಸಣೆ ಅಲ್ಲೊಂದೇ ಕಡೆ ಇದ್ದರೆ ಸಾಕಿತ್ತು. ನೆಟ್ ಇಲ್ಲದಿದ್ದರೆ ಕಮಿಟ್ಟೇ ಇಲ್ಲ, ತಪ್ಪು ಎಲ್ಲಿಂದ ಬರಬೇಕು? ಗಿಟ್ ನಮಗೆ ನೆಟ್ ಇಲ್ಲದೆ ಕೆಲಸ ಮಾಡುವ ಸ್ವಾತಂತ್ರ್ಯ ಕೊಟ್ಟಿತು. ನೆಟ್ ಇಲ್ಲದೆ ತಪ್ಪು ಮಾಡುವ ಸ್ವಾತಂತ್ರ್ಯವೂ ಅದರ ಜೊತೆಗೇ ಬಂತು.

ಸ್ಕ್ರಿಪ್ಟ್ ಕೇಳದ ಪ್ರಶ್ನೆ

ಆಕಾರದ ಮೇಲೆ ಇನ್ನೂ ಬಿಗಿ ಮಾಡುವ ಪದ್ಧತಿಗಳಿವೆ. ಹೆಚ್ಚು ಹೆಸರಾದದ್ದು ಕನ್ವೆನ್ಷನಲ್ ಕಮಿಟ್ಸ್. ಶೀರ್ಷಿಕೆಯ ಮೊದಲು ಬದಲಾವಣೆಯ ಜಾತಿ ಹೇಳಬೇಕು. ದೋಷ ತಿದ್ದಿದ್ದರೆ ‘ಫಿಕ್ಸ್:’, ಹೊಸ ಸೌಲಭ್ಯವಾದರೆ ‘ಫೀಟ್:’. ಹಳೆಯದನ್ನು ಮುರಿಯುವ ಬದಲಾವಣೆಯಾದರೆ ಒಂದು ಆಶ್ಚರ್ಯಸೂಚಕ. ಇದರ ಲಾಭ ಏನೆಂದರೆ, ಸಂದೇಶ ಓದಿಯೇ ಟೂಲ್ ಮುಂದಿನ ಆವೃತ್ತಿಯ ಸಂಖ್ಯೆ ತೀರ್ಮಾನಿಸಬಹುದು. 1.4.2 ಇದ್ದದ್ದು ‘ಫಿಕ್ಸ್’ ಆದರೆ 1.4.3, ‘ಫೀಟ್’ ಆದರೆ 1.5.0, ಮುರಿದರೆ 2.0.0. ಬದಲಾವಣೆ ಪಟ್ಟಿಯೂ ತಾನೇ ತಯಾರಾಗುತ್ತದೆ. ಸಾವಿರಾರು ಜನ ಬಳಸುವ ಲೈಬ್ರರಿಗೆ ಇದು ಬೇಕು. ನಾಲ್ಕು ಜನರ ನಮ್ಮ ಅಂಗಡಿಗೆ ಜಾಸ್ತಿಯಾಯಿತು ಎಂದು ಕೈಬಿಟ್ಟೆವು.

ಇಂಗ್ಲಿಷ್‌ನಲ್ಲಿ ಇನ್ನೊಂದು ನಿಯಮ ಹೇಳುತ್ತಾರೆ: ಶೀರ್ಷಿಕೆ ಆಜ್ಞೆಯ ಹಾಗೆ ಇರಬೇಕು. ‘ಸೇರಿಸಿದೆ’ ಅಲ್ಲ, ‘ಸೇರಿಸು’. ಗಿಟ್ ತಾನೇ ಬರೆಯುವ ಮರ್ಜ್, ರಿವರ್ಟ್ ಕೂಡ ಹಾಗೇ ಇವೆ. ಕನ್ನಡದಲ್ಲಿ ಇದು ಒಳ್ಳೆಯದೇ ಆಯಿತು. ‘ದೋಷವನ್ನು ಸರಿಪಡಿಸಲಾಗಿದೆ’ ಎಂಬ ಸರ್ಕಾರಿ ಪತ್ರದ ಧಾಟಿ ತಪ್ಪಿತು. ‘ತಿದ್ದು’ ಎಂದರೆ ಮುಗಿಯಿತು. ಆದರೆ ಕ್ರಿಯಾಪದ ಯಾವ ರೂಪದಲ್ಲಿದೆ ಎಂದು ಮೂವತ್ತು ಸಾಲಿನ ಬ್ಯಾಶ್‌ಗೆ ಹೇಗೆ ತಿಳಿಯಬೇಕು? ಅದನ್ನು ಸ್ಕ್ರಿಪ್ಟ್‌ಗೆ ಸೇರಿಸಿಲ್ಲ.

ಅವತ್ತು ಲೊಕೇಲ್ ಸರಿಮಾಡಿ, ಮೂರು ಖಾಲಿ ಸಾಲು ಹಾಕಿ, ಮತ್ತೆ ಪುಶ್ ಮಾಡಿದೆ. ಹನ್ನೊಂದೂ ಹೋದವು. ಗೆದ್ದೆ ಎಂದುಕೊಂಡೆ. ಹತ್ತು ನಿಮಿಷಕ್ಕೆ ಆಫೀಸಿನಿಂದ ಸಹೋದ್ಯೋಗಿಯ ಫೋನು.

‘ಮಳೆ ಲೆಕ್ಕದ ತಪ್ಪು ತಿದ್ದು ಅಂತ ಇದೆಯಲ್ಲ, ಯಾವ ತಪ್ಪು?’

ಹೇಳಿದೆ. ಮಳೆಯನ್ನು ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಗೆ ಒಂದು ದಿನ ಎಂದು ಅಳೆಯುತ್ತಾರೆ. ಯಾರಾದರೂ ಒಂದು ದಿನ ಅಳತೆ ತೆಗೆಯುವುದನ್ನು ಮರೆತರೆ ನಮ್ಮ ಕೋಡ್ ಅದನ್ನು 0 ಮಿಲಿಮೀಟರ್ ಎಂದು ಹಿಡಿದು ಸರಾಸರಿಗೆ ಸೇರಿಸುತ್ತಿತ್ತು. ಮಳೆ ಬಾರದ ದಿನ ಬೇರೆ, ನೋಡದ ದಿನ ಬೇರೆ.

‘ಹಾಗಂತ ಬರೆಯಬಾರದಿತ್ತಾ?’

ಸಿಟ್ಟು ಬಂತು. ಆ ಬ್ರಾಂಚನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ. ಹಾಗಾಗಿ ಮತ್ತೆ ರಿಬೇಸ್ ಮಾಡಿ ಶೀರ್ಷಿಕೆ ಬದಲಿಸಿದೆ: ‘ಅಳತೆ ಇಲ್ಲದ ದಿನವನ್ನು ಸೊನ್ನೆ ಮಳೆ ಎಂದು ಎಣಿಸಬೇಡ’. ಇದು 50 ದಾಟುತ್ತದೆ, ಆಗ 72ರ ಜಗಳ ಮತ್ತೆ ತೆಗೆಯಬಹುದು ಎಂಬ ಆಸೆ ಒಳಗೊಳಗೇ ಇತ್ತು. ಎಣಿಸಿ ನೋಡಿದೆ. 43.